ಕನ್ನಡ ಮೀಡಿಯಂನಿಂದ ಬಂದವಳು ನೀಟ್ ಓದನ್ನು ಎಲ್ಲಿಂದ ಶುರು ಮಾಡಲಿ?

ಜೋಳದ_ಹೊಲ:

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ. ಒಂದರಿಂದ ಹತ್ತರವರೆಗೆ ಊರಿನ ಸರ್ಕಾರಿ ಶಾಲೆ, ಪೂರ್ತಿ ಕನ್ನಡ ಮಾಧ್ಯಮ. ಎಸ್ಸೆಸ್ಸೆಲ್ಸಿಯಲ್ಲಿ 91 ಪರ್ಸೆಂಟ್ ಬಂತು. ಈಗ ತಾಲ್ಲೂಕು ಕೇಂದ್ರದ ಸರ್ಕಾರಿ ಪಿಯು ಕಾಲೇಜಿನಲ್ಲಿ ಸೈನ್ಸ್ ಸೇರಿ ಮೂರು ವಾರ ಆಗಿದೆ, ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ) ತಗೊಂಡಿದ್ದೇನೆ. ಡಾಕ್ಟರ್ ಆಗಬೇಕು ಅನ್ನುವುದು ಆರನೇ ಕ್ಲಾಸಿನಿಂದ ಇರುವ ಆಸೆ, ಅದಕ್ಕೆ ಮೆಡಿಕಲ್ ಪ್ರವೇಶ ಪರೀಕ್ಷೆ ನೀಟ್ ಬರೆಯಬೇಕು. ನಮ್ಮೂರಿನಿಂದ ಆಸ್ಪತ್ರೆಗೆ ಹೋಗಬೇಕಂದರೆ 22 ಕಿಲೋಮೀಟರ್. ಅಜ್ಜಿಗೆ ರಾತ್ರಿ ಉಸಿರಾಟದ ತೊಂದರೆ ಆದಾಗ ಟ್ರ್ಯಾಕ್ಟರ್‌ನಲ್ಲಿ ಕೂರಿಸಿಕೊಂಡು ಹೋಗಿದ್ದೆವು.

ಈಗ ಕ್ಲಾಸಿನಲ್ಲಿ ಏನೂ ತಿಳಿಯುತ್ತಿಲ್ಲ. ಹತ್ತನೇ ಕ್ಲಾಸಿನಲ್ಲಿ ಸೈನ್ಸ್‌ಗೆ 95 ತೆಗೆದವಳು ನಾನು. ಇಲ್ಲಿ ಬಯಾಲಜಿ ಪುಸ್ತಕದ ಒಂದು ಪುಟ ಓದೋಕೆ ಒಂದು ಗಂಟೆ ಬೇಕಾಗುತ್ತಿದೆ. ಕೋಚಿಂಗ್‌ಗೆ ಕಳಿಸುವಷ್ಟು ಹಣ ಮನೆಯಲ್ಲಿ ಇಲ್ಲ. ಅಪ್ಪ ಸಾಲ ಮಾಡುತ್ತೇನೆ ಅನ್ನುತ್ತಾರೆ, ನನಗೆ ಅದು ಇಷ್ಟವಿಲ್ಲ. ಮೊಬೈಲ್‌ನಲ್ಲಿ ವಿಡಿಯೊ ನೋಡೋಣ ಅಂದರೆ ನೂರಾರು ಚಾನೆಲ್, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಬ್ಬರು ದಿನಕ್ಕೆ 14 ಗಂಟೆ ಅಂತಾರೆ, ಇನ್ನೊಬ್ಬರು 10 ಪುಸ್ತಕದ ಪಟ್ಟಿ ಕೊಡುತ್ತಾರೆ. ನನ್ನ ಪ್ರಶ್ನೆ ಸಣ್ಣದು. ನಾಳೆ ಬೆಳಿಗ್ಗೆ 5 ಗಂಟೆಗೆ ಎದ್ದು ಕೂತರೆ ಯಾವ ಪುಸ್ತಕ ತೆಗೆಯಲಿ, ಎಷ್ಟನೇ ಪುಟ? ದಯವಿಟ್ಟು ಯಾರಾದರೂ ಹೇಳಿ.

ಎರೆಮಣ್ಣು:

ತಂಗಿ, ನಿನ್ನ ಪ್ರಶ್ನೆ ಓದಿ ನನಗೆ 2020ರ ನನ್ನ ಮನೆಯ ಪಡಸಾಲೆ ನೆನಪಾಯಿತು. ನಾನು ರಾಯಚೂರು ಜಿಲ್ಲೆಯವಳು, ಲಿಂಗಸುಗೂರು ಕಡೆ. ಹತ್ತರವರೆಗೆ ಕನ್ನಡ ಮಾಧ್ಯಮ. ಮೊದಲ ಪಿಯುಸಿ ಕೊರೊನಾ ವರ್ಷ, ಪಾಠ ಎಲ್ಲ ಅಣ್ಣನ ಮೊಬೈಲ್‌ನಲ್ಲಿ. 2022ರಲ್ಲಿ ಮೊದಲ ಸಲ ನೀಟ್ ಬರೆದೆ, 720ಕ್ಕೆ 311 ಬಂತು. ಒಂದು ವರ್ಷ ಮನೆಯಲ್ಲೇ ಕೂತು 2023ರ ಮೇ ತಿಂಗಳಲ್ಲಿ ಮತ್ತೆ ಬರೆದೆ, 548. ಈಗ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಎಂಬಿಬಿಎಸ್ ಮೂರನೇ ವರ್ಷ. ಕೋಚಿಂಗ್‌ಗೆ ಹೋಗಲಿಲ್ಲ. ಹಾಗಂತ ಕೋಚಿಂಗ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಹೋಗಲು ಆಗದಿದ್ದರೂ ದಾರಿ ಇದೆ ಅಂತ ಮಾತ್ರ ಹೇಳುತ್ತೇನೆ.

ನಾಳೆ ಬೆಳಿಗ್ಗೆ ಎನ್‌ಸಿಇಆರ್‌ಟಿಯ (ಶಾಲಾ ಪುಸ್ತಕ ತರುವ ಕೇಂದ್ರದ ಸಂಸ್ಥೆ) 11ನೇ ತರಗತಿ ಬಯಾಲಜಿ ಪುಸ್ತಕ ತೆಗೆ. ಆದರೆ ಮೊದಲ ಪಾಠ ತೆಗೆಯಬೇಡ. ‘ಬಾಡಿ ಫ್ಲೂಯಿಡ್ಸ್ ಅಂಡ್ ಸರ್ಕ್ಯುಲೇಷನ್’ ಅಂತ ಒಂದು ಪಾಠ ಇದೆ, ಹೊಸ ಪುಸ್ತಕದಲ್ಲಿ 15ನೆಯದು. ರಕ್ತ, ಹೃದಯದ ಪಾಠ. ಅದನ್ನು ತೆಗೆ.

ಯಾಕೆ ಅದೇ ಪಾಠ ಅಂದರೆ, ಹೃದಯದ ವಿಷಯ ನಿನಗೆ ಆಗಲೇ ಗೊತ್ತು. ಹತ್ತನೇ ಕ್ಲಾಸಿನಲ್ಲಿ ಹೃತ್ಕರ್ಣ, ಹೃತ್ಕುಕ್ಷಿ, ಅಪಧಮನಿ, ಅಭಿಧಮನಿ, ಕವಾಟ ಎಲ್ಲ ಓದಿ ಚಿತ್ರ ಬರೆದು ಮಾರ್ಕ್ಸ್ ತೆಗೆದಿದ್ದೀಯ. ಆ ತಿಳಿವಳಿಕೆ ಎಲ್ಲೂ ಹೋಗಿಲ್ಲ. ಹೃತ್ಕರ್ಣ ಇಲ್ಲಿ ಏಟ್ರಿಯಂ ಆಗಿದೆ, ಹೃತ್ಕುಕ್ಷಿ ವೆಂಟ್ರಿಕಲ್ ಆಗಿದೆ, ಅಷ್ಟೇ. ನಾನು ಮಾಡಿದ ದೊಡ್ಡ ತಪ್ಪು ಏನಂದರೆ, ಪಿಯುಸಿಗೆ ಬಂದ ಕೂಡಲೇ ನನಗೆ ಏನೂ ಬರುವುದಿಲ್ಲ, ಎಲ್ಲ ಹೊಸದಾಗಿ ಕಲಿಯಬೇಕು ಅಂದುಕೊಂಡು ಕನ್ನಡದಲ್ಲಿ ಓದಿದ್ದನ್ನೆಲ್ಲ ಬದಿಗಿಟ್ಟೆ. ಒಂದೂವರೆ ವರ್ಷ ಹಾಗೇ ಹೋಯಿತು. ಗೊತ್ತಿರುವ ಕಡೆಯಿಂದ ಶುರು ಮಾಡಿದರೆ ಆ ಪುಟದಲ್ಲಿ ನಿನಗೆ ತೊಡಕಾಗುವುದು ಭಾಷೆ ಒಂದೇ. ಗೊತ್ತಿಲ್ಲದ ಪಾಠದಿಂದ ಶುರು ಮಾಡಿದರೆ ವಿಷಯ, ಭಾಷೆ ಎರಡೂ ಒಟ್ಟಿಗೆ ಮೈಮೇಲೆ ಬರುತ್ತವೆ.

200 ಪುಟದ ಒಂದು ನೋಟ್‌ಬುಕ್ ತಗೋ, ನಡುವೆ ಗೆರೆ ಎಳಿ. ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್. ದ್ಯುತಿಸಂಶ್ಲೇಷಣೆ, ಫೋಟೋಸಿಂಥೆಸಿಸ್. ಅಭಿಸರಣೆ, ಆಸ್ಮೋಸಿಸ್. ವೇಗೋತ್ಕರ್ಷ, ಆಕ್ಸೆಲರೇಷನ್. ಸ್ಥಾನಪಲ್ಲಟ, ಡಿಸ್‌ಪ್ಲೇಸ್‌ಮೆಂಟ್. ನನ್ನ ಆ ನೋಟ್‌ಬುಕ್ ಇನ್ನೂ ಹಾಸ್ಟೆಲ್‌ನಲ್ಲಿ ನನ್ನ ಹತ್ತಿರ ಇದೆ, ರಟ್ಟು ಹರಿದು ಟೇಪ್ ಹಚ್ಚಿದ್ದೇನೆ.

ಇಲ್ಲಿ ಒಂದು ಮಾತು ಹೇಳಬೇಕು, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನಮ್ಮನ್ನು ನಿಲ್ಲಿಸುವುದು ಸೈನ್ಸ್ ಪದಗಳಲ್ಲ. ಏಟ್ರಿಯಂ, ನೆಫ್ರಾನ್, ಮೈಟೋಕಾಂಡ್ರಿಯ ಇಂಗ್ಲಿಷ್ ಮೀಡಿಯಂ ಹುಡುಗರಿಗೂ ಹೊಸ ಪದಗಳೇ, ಅವನ್ನು ಅವರೂ ಬಾಯಿಪಾಠ ಮಾಡಬೇಕು. ನಮ್ಮನ್ನು ನಿಲ್ಲಿಸುವುದು ನಡುವೆ ಬರುವ ಸಾದಾ ಪದಗಳು. ರೆಸ್ಪೆಕ್ಟಿವ್ಲಿ, ವೇರ್‌ಆಸ್, ಎಕ್ಸೆಪ್ಟ್, ಅಡ್ಜಸೆಂಟ್, ಹೆನ್ಸ್, ಡಿಸ್ಪೈಟ್. ‘ರೆಸ್ಪೆಕ್ಟಿವ್ಲಿ’ ಅಂದರೆ ‘ಕ್ರಮವಾಗಿ’ ಅಂತ ತಿಳಿಯುವವರೆಗೆ ನಾನು ಎಷ್ಟು ಸಾಲುಗಳನ್ನು ತಿರುವು ಮುರುವು ಓದಿದ್ದೆನೋ. ನಾನು ಎಣಿಸಿದ್ದೆ, ಮೊದಲ ದಿನ ಒಂದು ಪುಟದಲ್ಲಿ 34 ಪದ ಗೊತ್ತಿರಲಿಲ್ಲ. ಆದರೆ ಅದರಲ್ಲಿ ಬಹಳಷ್ಟು ಪದ ಮುಂದಿನ ಪುಟದಲ್ಲಿ, ಅದರ ಮುಂದಿನ ಪುಟದಲ್ಲಿ ಮತ್ತೆ ಮತ್ತೆ ಬರುತ್ತವೆ. ಪಾಠ ಮುಗಿಯುವಷ್ಟರಲ್ಲಿ ಪುಟಕ್ಕೆ ಹತ್ತು ಪದಕ್ಕೆ ಇಳಿಯಿತು, ಐದನೇ ಪಾಠಕ್ಕೆ ಮೂರೋ ನಾಲ್ಕೋ. ಆದ್ದರಿಂದ ಒಂದು ಪುಟಕ್ಕೆ ಒಂದು ಗಂಟೆ ಬೇಕಾಗುತ್ತಿದೆ ಅಂತ ಹೆದರಬೇಡ, ಈಗ ಅಷ್ಟು ಬೇಕು. ದೀಪಾವಳಿಗೆ ನೋಡು.

ಓದುವುದು ಹೇಗೆ ಅಂತ ಹೃದಯದ ಪಾಠದಲ್ಲೇ ಹೇಳುತ್ತೇನೆ. ಮೊದಲ ಸಲ ಪೆನ್ಸಿಲ್ ಹಿಡಿದು ಓದು, ಅರ್ಥವಾಗದ ಪದಕ್ಕೆ ಗೆರೆ, ಅರ್ಥ ಹುಡುಕಿ ನೋಟ್‌ಬುಕ್‌ಗೆ. ಎರಡನೇ ಸಲ ಗಟ್ಟಿಯಾಗಿ ಓದಿ ಪ್ರತಿ ಪ್ಯಾರಾ ಆದಮೇಲೆ ನಿನ್ನದೇ ಕನ್ನಡದಲ್ಲಿ ನಿನಗೇ ಹೇಳಿಕೋ. ನಮ್ಮವ್ವ ರೊಟ್ಟಿ ಬಡಿಯುವಾಗ ನಾನು ಅಡುಗೆ ಮನೆ ಬಾಗಿಲಲ್ಲಿ ಕೂತು ಅವಳಿಗೆ ಹೇಳುತ್ತಿದ್ದೆ. ‘ಅವ್ವಾ, ಬಲಗಡೆ ಮೇಲಿನ ಕೋಣೆಯ ಮೂಲೆಯಲ್ಲಿ ಒಂದು ಗಂಟು ಇದೆ, ಎಸ್‌ಎ ನೋಡ್ ಅಂತಾರ, ಅದು ನಿಮಿಷಕ್ಕೆ ಎಪ್ಪತ್ತು ಎಪ್ಪತ್ತೈದು ಸಲ ಸಂಜ್ಞೆ ಕೊಡ್ತದ, ಅದಕ್ಕ ಎದಿ ಬಡಿತದ.’ ಅವ್ವ ಶಾಲೆ ಕಲಿತವಳಲ್ಲ. ಆದರೆ ‘ಅದು ನಿಂತರ?’ ಅಂತ ಕೇಳಿದಳು. ನಾನು ಹೋಗಿ ಪೇಸ್‌ಮೇಕರ್ ಬಗ್ಗೆ ಓದಿದೆ. ಆ ಪುಟ ನನಗೆ ಇವತ್ತಿಗೂ ಮರೆತಿಲ್ಲ. ಮೂರನೇ ಸಲ ಪುಸ್ತಕ ಮುಚ್ಚಿ ಖಾಲಿ ಹಾಳೆಯಲ್ಲಿ ಚಿತ್ರ ಬರೆ, ರಕ್ತ ಹರಿಯುವ ದಾರಿಗೆ ಬಾಣ ಹಾಕು, ನಾಲ್ಕು ಕವಾಟಗಳ ಹೆಸರು ಬರೆ. ಪಾಠದಲ್ಲಿರುವ ಅಂಕಿಗಳನ್ನು ಒಂದು ಮೂಲೆಯಲ್ಲಿ ಬರೆ. ಒಂದು ಬಡಿತದ ಅವಧಿ 0.8 ಸೆಕೆಂಡ್, ಒಂದು ಬಡಿತಕ್ಕೆ ಹೃತ್ಕುಕ್ಷಿ ಹೊರಗೆ ತಳ್ಳುವ ರಕ್ತ ಸುಮಾರು 70 ಎಂಎಲ್, ನಿಮಿಷಕ್ಕೆ 72 ಬಡಿತ. ಎಪ್ಪತ್ತನ್ನು ಎಪ್ಪತ್ತೆರಡರಿಂದ ಗುಣಿಸು, 5,040 ಬರುತ್ತದೆ, ಅಂದರೆ ನಿಮಿಷಕ್ಕೆ ಸುಮಾರು 5 ಲೀಟರ್. ಈ ಒಂದು ಲೆಕ್ಕದಿಂದಲೇ ಪ್ರಶ್ನೆ ಹುಟ್ಟುತ್ತದೆ. ಆಮೇಲೆ ಮುಚ್ಚಿಟ್ಟು ಬರೆದದ್ದನ್ನು ಪುಸ್ತಕದ ಜೊತೆ ಹೋಲಿಸು. ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ತುಂಬು. ಮುಂದಿನ ಸಲ ಬರೀ ಕೆಂಪು ಓದಿದರೆ ಸಾಕು.

ಈ ವರ್ಷ ವಾರ್ಡ್‌ನಲ್ಲಿ ಮೊದಲ ಸಲ ಸ್ಟೆತಾಸ್ಕೋಪ್ ಇಟ್ಟು ಒಬ್ಬ ಅಜ್ಜನ ಎದೆ ಬಡಿತ ಕೇಳಿದೆ. ಲಬ್, ಡಬ್. ಮೊದಲನೆಯದು ಟ್ರೈಕಸ್ಪಿಡ್, ಬೈಕಸ್ಪಿಡ್ ಕವಾಟ ಮುಚ್ಚುವ ಶಬ್ದ, ಎರಡನೆಯದು ಸೆಮಿಲ್ಯೂನಾರ್ ಕವಾಟದ್ದು. ನಮ್ಮೂರ ಪಡಸಾಲೆಯಲ್ಲಿ ಓದಿದ ಅದೇ ಸಾಲು. ಕಣ್ಣಲ್ಲಿ ನೀರು ಬಂತು.

ಪರೀಕ್ಷೆಯ ಲೆಕ್ಕ ಈಗಲೇ ತಿಳಿದುಕೊಂಡಿರು. ಫಿಸಿಕ್ಸ್ 45, ಕೆಮಿಸ್ಟ್ರಿ 45, ಬಯಾಲಜಿ 90 ಪ್ರಶ್ನೆ, ಒಟ್ಟು 720 ಅಂಕ. ಸರಿಗೆ 4, ತಪ್ಪಿಗೆ 1 ಕಡಿತ. ನಾನು ಬರೆಯುವಾಗ 200 ಪ್ರಶ್ನೆಯಲ್ಲಿ 180 ಆರಿಸಿಕೊಳ್ಳಬಹುದಿತ್ತು, 3 ಗಂಟೆ 20 ನಿಮಿಷ ಇತ್ತು. 2025ರಲ್ಲಿ ಅದನ್ನು ತೆಗೆದು 180 ಪ್ರಶ್ನೆಗೆ 180 ನಿಮಿಷ ಮಾಡಿದರು, ಆಯ್ಕೆ ಇಲ್ಲ. ಹಳೇ ವಿಡಿಯೊ ನೋಡಿದರೆ ಗೊಂದಲ ಆಗುತ್ತದೆ. ಹಾಗೇ ಹಳೇ ಪುಸ್ತಕವೂ. ಸೀನಿಯರ್‌ಗಳ ಹತ್ತಿರ ಸಿಗುವ ಹಳೇ ಬಯಾಲಜಿ ಪುಸ್ತಕದಲ್ಲಿ ಜೀರ್ಣಕ್ರಿಯೆ, ಸಸ್ಯಗಳ ಖನಿಜ ಪೋಷಣೆ ಪಾಠ ಇರುತ್ತವೆ, ಕೆಮಿಸ್ಟ್ರಿಯಲ್ಲಿ ಸಾಲಿಡ್ ಸ್ಟೇಟ್ ಇರುತ್ತದೆ. 2024ರ ನೀಟ್‌ನಿಂದ ಸಿಲಬಸ್ ಕಡಿಮೆ ಮಾಡಿದಾಗ ಇವು ಹೋದವು. ಈಗ ಬಯಾಲಜಿಗೆ ಎರಡೂ ವರ್ಷ ಸೇರಿ ಪುಸ್ತಕದಲ್ಲಿರುವುದು 32 ಪಾಠ. ಎನ್‌ಸಿಇಆರ್‌ಟಿ ವೆಬ್‌ಸೈಟಿನಲ್ಲಿ ಹೊಸ ಪುಸ್ತಕದ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಪಿಯು ಕಾಲೇಜಿನಲ್ಲಿ ನಡೆಯುವುದೂ ಎನ್‌ಸಿಇಆರ್‌ಟಿ ಪಾಠಗಳೇ, ಆದ್ದರಿಂದ ಕಾಲೇಜಿನ ಓದು ಬೇರೆ, ನೀಟ್ ಓದು ಬೇರೆ ಅಂತ ಮಾಡಿಕೊಳ್ಳಬೇಡ. ಒಂದೇ ಓದು, ಕೊನೆಗೆ ಪ್ರಶ್ನೆ ಕೇಳುವ ರೀತಿ ಬೇರೆ.

ಇನ್ನೊಂದು ನೋಟ್‌ಬುಕ್ ಬೇಕು, ತಪ್ಪುಗಳದ್ದು. ಇದೇ ನನ್ನನ್ನು 311ರಿಂದ 548ಕ್ಕೆ ತಂದದ್ದು ಅಂತ ನಾನು ನಂಬಿದ್ದೇನೆ. ಎರಡನೇ ವರ್ಷದ ಜನವರಿಯಲ್ಲಿ ಒಂದು ಮಾಕ್ ಟೆಸ್ಟ್ ಬರೆದೆ, 38 ತಪ್ಪು. ಕೂತು ಒಂದೊಂದನ್ನೂ ನೋಡಿದೆ. 14 ನಿಜವಾಗಿ ಗೊತ್ತಿರಲಿಲ್ಲ. 11 ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದೆ, ‘ಯಾವುದು ಸರಿಯಲ್ಲ’ ಅಂತ ಕೇಳಿದ್ದಕ್ಕೆ ಸರಿಯಾದದ್ದನ್ನು ಗುರುತು ಮಾಡಿದ್ದೆ. 9 ಕೂಡಿಸು ಕಳೆಯುವುದರಲ್ಲಿ ಹೋದವು. 4 ಓಎಂಆರ್ ಹಾಳೆಯಲ್ಲಿ, ಅಂದರೆ ಉತ್ತರದ ವೃತ್ತ ತುಂಬುವ ಹಾಳೆಯಲ್ಲಿ, ಬೇರೆ ಸಾಲಿಗೆ ತುಂಬಿದ್ದು. ಅಂದರೆ 24 ಪ್ರಶ್ನೆ ಗೊತ್ತಿದ್ದೂ ತಪ್ಪು. ಬರಬೇಕಾದ 4 ಬರಲಿಲ್ಲ, ಮೇಲೆ 1 ಹೋಯಿತು. 24ಕ್ಕೆ 120 ಅಂಕ. ಹೊಸ ಪಾಠ ಒಂದೂ ಓದದೇ 120 ಅಂಕ ಸಿಗುವ ಜಾಗ ಅದು. ಅವತ್ತಿನಿಂದ ಪ್ರಶ್ನೆಯಲ್ಲಿ ‘ನಾಟ್’, ‘ಇನ್‌ಕರೆಕ್ಟ್’, ‘ಎಕ್ಸೆಪ್ಟ್’ ಕಂಡ ಕೂಡಲೇ ಪೆನ್ನಿನಿಂದ ಸುತ್ತು ಹಾಕುವ ಅಭ್ಯಾಸ ಮಾಡಿದೆ. 2022ರ ಪರೀಕ್ಷೆಯಲ್ಲಿ ಎಲ್ಲ ಉತ್ತರ ಬರೆದು ಆಮೇಲೆ ಓಎಂಆರ್ ತುಂಬುತ್ತೇನೆ ಅಂತ ಕೂತಿದ್ದೆ, ಕೊನೆಯ ಹತ್ತು ನಿಮಿಷದಲ್ಲಿ ಕೈ ನಡುಗಿ ಕೆಮಿಸ್ಟ್ರಿಯ ಒಂದಿಷ್ಟು ತುಂಬಲಾಗಲೇ ಇಲ್ಲ. ಆ ಸಂಜೆ ಸೆಂಟರ್ ಹೊರಗೆ ಅಪ್ಪನ ಮುಖ ನೋಡುವುದು ಕಷ್ಟವಾಯಿತು. ಒಂದು ಪುಟ ಬಿಡಿಸು, ಆ ಪುಟದ್ದು ತುಂಬು, ಮುಂದಕ್ಕೆ ಹೋಗು.

ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಅರ್ಜಿಯಲ್ಲಿ ಕನ್ನಡ ಆರಿಸಿದರೆ ಕನ್ನಡ, ಇಂಗ್ಲಿಷ್ ಎರಡೂ ಇರುವ ಪತ್ರಿಕೆ ಕೊಡುತ್ತಾರೆ. ಅನುವಾದದಲ್ಲಿ ವ್ಯತ್ಯಾಸ ಇದ್ದರೆ ಇಂಗ್ಲಿಷ್‌ನದ್ದೇ ಅಂತಿಮ. ನಾನು ಕನ್ನಡ ಆರಿಸಿದ್ದೆ. ಇಂಗ್ಲಿಷ್‌ನಲ್ಲಿ ಓದಿ, ಸಂಶಯ ಬಂದಾಗ ಕನ್ನಡ ನೋಡಿದೆ. ಅದು ನಮಗೆ ಸಿಗುವ ಹೆಚ್ಚುವರಿ ಆಸರೆ, ನಾಚಿಕೆ ಪಟ್ಟು ಬಿಡಬೇಡ.

ವಿಡಿಯೊ ಬಗ್ಗೆ ಒಂದೇ ಮಾತು. ಒಂದು ವಿಷಯಕ್ಕೆ ಒಬ್ಬರೇ ಮೇಷ್ಟ್ರು. ಇಷ್ಟವಾದವರನ್ನು ಆರಿಸಿಕೋ, ಎರಡು ವರ್ಷ ಬದಲಾಯಿಸಬೇಡ. ಫಿಸಿಕ್ಸ್ ಬಗ್ಗೆ ನಾನು ಹೇಳುವುದಕ್ಕಿಂತ ಪಾಠ ಮಾಡುವವರು ಹೇಳಿದರೆ ಒಳ್ಳೆಯದು. ನನ್ನದು ಕೊನೆಯವರೆಗೂ ಅದೇ ಹಿಂದೆ ಇತ್ತು.

ಸೀಮೆಸುಣ್ಣ:

ನಾನು ಸರ್ಕಾರಿ ಪಿಯು ಕಾಲೇಜಿನಲ್ಲಿ 19 ವರ್ಷದಿಂದ ಫಿಸಿಕ್ಸ್ ಹೇಳುತ್ತಿದ್ದೇನೆ, ಧಾರವಾಡ ಭಾಗ. ಎರೆಮಣ್ಣು ಅವರು ಬರೆದದ್ದು ಓದಿ ಬಹಳ ಸಂತೋಷವಾಯಿತು, ನನ್ನ ವಿದ್ಯಾರ್ಥಿಗಳಿಗೆ ತೋರಿಸುತ್ತೇನೆ.

ಫಿಸಿಕ್ಸ್ ವಿಷಯಕ್ಕೆ ಬರೋಣ. 2024ರಲ್ಲಿ 720ಕ್ಕೆ 720 ತೆಗೆದವರು ಹಲವರಿದ್ದರು, 2025ರಲ್ಲಿ ದೇಶಕ್ಕೇ ಮೊದಲು ಬಂದವರ ಅಂಕ 686. ನಡುವೆ ಬದಲಾದದ್ದರಲ್ಲಿ ದೊಡ್ಡ ಪಾಲು ಫಿಸಿಕ್ಸ್ ಪ್ರಶ್ನೆಗಳ ಕಷ್ಟ. ಬಯಾಲಜಿ ಓದಿದರೆ ಸಾಕು, ಫಿಸಿಕ್ಸ್ ಹೇಗೋ ಆಗುತ್ತದೆ ಅನ್ನುವ ಮಾತನ್ನು ಇನ್ನು ಯಾರೂ ಮಕ್ಕಳಿಗೆ ಹೇಳಬಾರದು.

ಮಗು, ನೀನು ಗಣಿತ ಇಟ್ಟುಕೊಂಡಿದ್ದೀಯ, ಅದು ಒಳ್ಳೆಯ ನಿರ್ಧಾರ. ಭಾರ ಅನ್ನಿಸಿದರೂ ಮೊದಲ ವರ್ಷ ಬಿಡಬೇಡ. ಫಿಸಿಕ್ಸ್‌ನಲ್ಲಿ ನಮ್ಮ ಹಳ್ಳಿ ಮಕ್ಕಳು ಎಡವುವುದು ಇಂಗ್ಲಿಷ್‌ನಿಂದ ಅಂತ ಎಲ್ಲರೂ ತಿಳಿದಿದ್ದಾರೆ, ನನ್ನ ಅನುಭವದಲ್ಲಿ ಅದು ಅರ್ಧ ಮಾತ್ರ. ಉಳಿದರ್ಧ ಗ್ರಾಫ್, ಭಿನ್ನರಾಶಿ, ಹತ್ತರ ಘಾತ, ಸೈನ್ ಕಾಸ್. ಮೊದಲ ಹದಿನೈದು ದಿನ ದಿನಕ್ಕೆ 40 ನಿಮಿಷ ಇವನ್ನಷ್ಟೇ ಮಾಡು. ಗಂಟೆಗೆ 54 ಕಿಲೋಮೀಟರ್ ಅಂದರೆ ಸೆಕೆಂಡಿಗೆ 15 ಮೀಟರ್ ಅಂತ ಪೆನ್ನು ಹಿಡಿಯದೆ ಹೇಳಲು ಬರಬೇಕು. ಕ್ಯಾಲ್ಕುಲೇಟರ್ ಒಳಗೆ ಬಿಡುವುದಿಲ್ಲ, ಆದ್ದರಿಂದ ಇವತ್ತಿನಿಂದಲೇ ಅದನ್ನು ಮುಟ್ಟಬೇಡ. ಕೆಮಿಸ್ಟ್ರಿಗೂ ಇದೇ ಉಪಯೋಗಕ್ಕೆ ಬರುತ್ತದೆ. ಎರಡರ ಲಾಗ್ 0.301, ಮೂರರ ಲಾಗ್ 0.477, ಈ ಎರಡು ನೆನಪಿದ್ದರೆ ಪಿಎಚ್ ಲೆಕ್ಕದ ಬಹುಪಾಲು ಬಾಯಲ್ಲೇ ಆಗುತ್ತವೆ.

ಪ್ರತಿ ವರ್ಷ ಮೊದಲ ತಿಂಗಳಲ್ಲಿ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಸೀಮೆಸುಣ್ಣದ ತುಂಡನ್ನು ನೇರ ಮೇಲಕ್ಕೆ ಎಸೆದು ಹಿಡಿಯುತ್ತೇನೆ. ‘ಅತಿ ಎತ್ತರದ ಬಿಂದುವಿನಲ್ಲಿ ಇದರ ವೇಗ ಎಷ್ಟು?’ ಸೊನ್ನೆ, ಸರ್. ‘ವೇಗೋತ್ಕರ್ಷ ಎಷ್ಟು?’ ಇಡೀ ಕ್ಲಾಸು ಒಂದೇ ದನಿಯಲ್ಲಿ ಸೊನ್ನೆ ಅನ್ನುತ್ತದೆ. ಆಗ ನಾನು ಕೇಳುತ್ತೇನೆ, ‘ವೇಗ ಸೊನ್ನೆ, ವೇಗೋತ್ಕರ್ಷವೂ ಸೊನ್ನೆ ಆದರೆ ಅದು ಅಲ್ಲೇ ನಿಲ್ಲಬೇಕಿತ್ತಲ್ಲ, ಯಾಕೆ ಕೆಳಗೆ ಬಂತು?’ ಆ ಕ್ಷಣ ಕ್ಲಾಸಿನಲ್ಲಿ ಒಂದು ಮೌನ ಬರುತ್ತದೆ. ಆ ಮೌನಕ್ಕಾಗಿಯೇ ನಾನು ಈ ಕೆಲಸದಲ್ಲಿದ್ದೇನೆ. ಭೂಮಿಯ ಸೆಳೆತ ಮೇಲೆ ಹೋಗುವಾಗಲೂ, ತುದಿಯಲ್ಲೂ, ಇಳಿಯುವಾಗಲೂ ಒಂದೇ, ಅದು ಕೊಡುವ ವೇಗೋತ್ಕರ್ಷ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ ಸುಮಾರು 10 ಮೀಟರ್. ಈಗ ಕಾಲಕ್ಕೆ ತಕ್ಕಂತೆ ವೇಗದ ಗ್ರಾಫ್ ಮಾಡು. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಎಸೆದರೆ ಗೆರೆ +20ರಿಂದ ಹೊರಟು 2ನೇ ಸೆಕೆಂಡಿಗೆ ಸೊನ್ನೆ ದಾಟಿ 4ನೇ ಸೆಕೆಂಡಿಗೆ −20 ಮುಟ್ಟುತ್ತದೆ. ಒಂದೇ ನೇರ ಗೆರೆ, ಎಲ್ಲೂ ಬಾಗುವುದಿಲ್ಲ. ಗೆರೆಯ ಇಳಿಜಾರೇ ವೇಗೋತ್ಕರ್ಷ. ಮೇಲಿನ ತ್ರಿಕೋನದ ವಿಸ್ತೀರ್ಣ ಅರ್ಧ ಗುಣಿಸು 2 ಗುಣಿಸು 20, ಅಂದರೆ 20 ಮೀಟರ್, ಅದೇ ಎತ್ತರ. ಒಂದು ಸೂತ್ರವೂ ಬಾಯಿಪಾಠ ಇಲ್ಲದೆ ಮೂರು ಉತ್ತರ ಸಿಕ್ಕವು.

ಹಳೆಯ ನೀಟ್ ಪ್ರಶ್ನೆಗಳನ್ನು ಮೊದಲ ತಿಂಗಳಿಂದಲೇ ಬಿಡಿಸಿ ಅಂತ ಬಹಳ ಜನ ಹೇಳುತ್ತಾರೆ. ಬಯಾಲಜಿಗೆ ಸರಿ. ಫಿಸಿಕ್ಸ್‌ಗೆ ನಾನು ಒಪ್ಪುವುದಿಲ್ಲ. ಮೊದಲು ಪಾಠದ ನಡುವೆ ಬಿಡಿಸಿ ತೋರಿಸಿದ ಉದಾಹರಣೆಗಳನ್ನು ಮುಚ್ಚಿಟ್ಟು ನೀನೇ ಬಿಡಿಸು, ಆಮೇಲೆ ಪಾಠದ ಕೊನೆಯ ಅಭ್ಯಾಸ, ಆಮೇಲೆ ಹಳೆಯ ಪ್ರಶ್ನೆ. ನಾಲ್ಕು ಆಯ್ಕೆ ಕಣ್ಣೆದುರು ಇದ್ದರೆ ಮನಸ್ಸು ಆಯ್ಕೆಯಿಂದ ಹಿಂದಕ್ಕೆ ಹೋಗಲು ಕಲಿಯುತ್ತದೆ. ಶುರುವಿನಲ್ಲೇ ಆ ಚಟ ಹತ್ತಿದರೆ ಬಿಡಿಸುವುದು ಕಷ್ಟ, ಇದನ್ನು ವರ್ಷ ವರ್ಷವೂ ನೋಡುತ್ತಿದ್ದೇನೆ.

ಕೊನೆಯದಾಗಿ, ನಿಮ್ಮ ಕಾಲೇಜಿನ ಉಪನ್ಯಾಸಕರನ್ನು ಕ್ಲಾಸ್ ಮುಗಿದ ಮೇಲೆ ಹೋಗಿ ಕೇಳು. ಸ್ಟಾಫ್ ರೂಮಿನ ಬಾಗಿಲಲ್ಲಿ ಪ್ರಶ್ನೆ ಹಿಡಿದು ನಿಂತ ವಿದ್ಯಾರ್ಥಿಯನ್ನು ಹಿಂದಕ್ಕೆ ಕಳಿಸುವ ಮೇಷ್ಟ್ರು ತೀರಾ ಕಡಿಮೆ.

ಎರಡನೇ_ಪಾಳಿ:

ನಾನು ತಾಯಿ, ಹಾಸನ. ಮಗ ಕಳೆದ ವರ್ಷ ನೀಟ್ ಬರೆದು ಕಾಲೇಜು ಸೇರಿದ. ಓದಿನ ಬಗ್ಗೆ ಮೇಲಿನವರು ಹೇಳಿದ್ದಾರೆ, ನಾನು ಕಾಗದಪತ್ರದ ಬಗ್ಗೆ ಹೇಳುತ್ತೇನೆ, ಯಾಕಂದರೆ ನಾವು ಅದರಲ್ಲಿ ಕೊನೆ ವಾರ ನಿದ್ದೆ ಬಿಟ್ಟು ಓಡಾಡಿದೆವು. ಆಧಾರ್‌ನಲ್ಲಿ ಮಗನ ಇನಿಷಿಯಲ್ ಬಿಡಿಸಿ ಬರೆದಿತ್ತು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಅಕ್ಷರ. ಇದನ್ನು ಈಗಲೇ ನೋಡಿ ಒಂದೇ ರೀತಿ ಮಾಡಿಸಮ್ಮ.

ನಿನಗೆ ಸಿಗುವ ಸವಲತ್ತುಗಳು ನಿನಗೇ ಗೊತ್ತಿದೆಯೋ ಇಲ್ಲವೋ. ಒಂದರಿಂದ ಹತ್ತರವರೆಗೆ ಗ್ರಾಮೀಣ ಭಾಗದಲ್ಲಿ ಓದಿದವರಿಗೆ ರಾಜ್ಯದ ಸೀಟುಗಳಲ್ಲಿ ಶೇ. 15, ಒಂದರಿಂದ ಹತ್ತು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲು ಇದೆ. ಇದು ಜಾತಿವಾರು ಪ್ರವರ್ಗದ ಒಳಗೇ ಲೆಕ್ಕ ಆಗುತ್ತದೆ. ಎರಡಕ್ಕೂ ಮುಖ್ಯ ಶಿಕ್ಷಕರ ಸಹಿ, ಬಿಇಒ (ತಾಲ್ಲೂಕಿನ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ನಿಮ್ಮ ಹಳೆ ಹೆಡ್‌ಮಾಸ್ಟರ್ ವರ್ಗಾವಣೆ ಆಗುವ ಮೊದಲೇ ಹೋಗಿ ದಾಖಲೆ ನೋಡಿಸು. ಕೊಪ್ಪಳ ಅಂದರೆ ಸಂವಿಧಾನದ 371ಜೆ ವಿಧಿಯ (ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸವಲತ್ತು) ಅಡಿಯಲ್ಲಿ ಬರುವ ಜಿಲ್ಲೆ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಆ ಭಾಗದವರಿಗೆ ಶೇ. 70, ಉಳಿದ ಕಡೆ ಶೇ. 8. ಅದರ ಅರ್ಹತಾ ಪ್ರಮಾಣಪತ್ರ ಸಹಾಯಕ ಆಯುಕ್ತರ ಕಚೇರಿಯಿಂದ ಬರಬೇಕು, ಅದಕ್ಕೇ ಸಮಯ ಹಿಡಿಯುತ್ತದೆ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ, ಅವುಗಳ ಮೇಲಿರುವ ಆರ್‌ಡಿ ನಂಬರ್ ಬರೆದಿಟ್ಟುಕೊಳ್ಳಿ.

ಇನ್ನೊಂದು. ನೀಟ್ ಬರೆದರೆ ತಾನಾಗಿಯೇ ಸೀಟು ಹಂಚಿಕೆಗೆ ಹೆಸರು ಹೋಗುವುದಿಲ್ಲ. ರಾಜ್ಯದ ಸೀಟಿಗೆ ಕೆಇಎಯಲ್ಲಿ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ಬೇರೆ ಅರ್ಜಿ ಹಾಕಬೇಕು, ಸರ್ಕಾರಿ ಕಾಲೇಜುಗಳ ಅಖಿಲ ಭಾರತದ ಶೇ. 15 ಸೀಟಿಗೆ ಎಂಸಿಸಿಯಲ್ಲಿ (ಕೇಂದ್ರದ ಸೀಟು ಹಂಚಿಕೆ ಸಮಿತಿ) ಬೇರೆ. ಇದನ್ನು ಅಪ್ಪನಿಗೂ ಓದಿ ಹೇಳು. ರಾಜ್ಯದ ಪ್ರವೇಶ ಪರೀಕ್ಷೆ ಕೆಸಿಇಟಿಯನ್ನೂ ಬರೆ. ಪಶುವೈದ್ಯಕೀಯ, ಕೃಷಿ, ಬಿಎಸ್ಸಿ ನರ್ಸಿಂಗ್ ಎಲ್ಲ ಅದರಲ್ಲಿ ಬರುತ್ತವೆ, ಓದು ಬಹುತೇಕ ಅದೇ. ಆಯುರ್ವೇದ, ಡೆಂಟಲ್‌ಗೆ ನೀಟ್ ಅಂಕವೇ. ಸಾಲ ಬೇಡ ಅನ್ನುವ ನಿನ್ನ ಮಾತು ಸರಿ. ನಾವು ಕೋಚಿಂಗ್‌ಗೆ ಒಂದು ಕಡೆ ಪೂರ್ತಿ ಫೀಸು ಮುಂಗಡ ಕಟ್ಟಿ, ಎರಡು ತಿಂಗಳಿಗೆ ಮಗ ಹುಷಾರು ತಪ್ಪಿ ವಾಪಸ್ ಬಂದಾಗ ಒಂದು ರೂಪಾಯಿ ಮರಳಿ ಸಿಗಲಿಲ್ಲ. ಎಲ್ಲಿಗೆ ಸೇರಿಸಿದರೂ ಕಂತಿನಲ್ಲಿ ಕಟ್ಟಲಿ, ಫೀಸು ಮರಳಿಸುವ ನಿಯಮವನ್ನು ಬರಹದಲ್ಲಿ ತಗೊಳ್ಳಲಿ.

ಜೋಳದ_ಹೊಲ:

ಎಲ್ಲರಿಗೂ ಕೈಮುಗಿದು ಧನ್ಯವಾದ. ಉತ್ತರ ಬರೆಯಲು 23 ದಿನ ತಗೊಂಡೆ, ಮಾಡದೇ ಬರೆಯಬಾರದು ಅನ್ನಿಸಿತು.

ಹೃದಯದ ಪಾಠ ಮುಗಿಯಿತು. ಅಕ್ಕ, ಮೊದಲ ಪುಟದಲ್ಲಿ ನನಗೆ ಗೊತ್ತಿಲ್ಲದ ಪದ 41 ಇದ್ದವು. ಕೊನೆ ಪುಟದಲ್ಲಿ 12. ಚಿತ್ರ ಮುಚ್ಚಿಟ್ಟು ಬರೆಯುವುದು ಮೂರನೇ ಸಲಕ್ಕೆ ಬಂತು. ಅಜ್ಜಿಗೆ ಹೇಳಿದೆ, ಅವರು ತಮ್ಮ ಕೈನಾಡಿ ಹಿಡಿದು ಎಣಿಸು ಅಂದರು, 84 ಬಂತು. ಆಮೇಲೆ ಉಸಿರಾಟದ ಪಾಠ ತಗೊಂಡೆ. ಅಜ್ಜಿಗೆ ಇರುವುದು ಅಸ್ತಮಾ ಅಂತ ಡಾಕ್ಟರ್ ಹೇಳಿದ್ದರು, ಆ ಪದ ಅದೇ ಪಾಠದ ಕೊನೆಯಲ್ಲಿ ಇತ್ತು. ಆ ಪ್ಯಾರಾವನ್ನು ಮಾತ್ರ ನಿಘಂಟು ಇಲ್ಲದೆ ಓದಿದೆ.

ಸರ್, ಗ್ರಾಫ್ ಬರೆದೆ. ನಮ್ಮ ಫಿಸಿಕ್ಸ್ ಮೇಡಂಗೆ ತೋರಿಸಿದೆ, ಅವರು ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಾ ಅಂದಿದ್ದಾರೆ, ಈಗ ನಾವು ನಾಲ್ಕು ಹುಡುಗಿಯರು ಹೋಗುತ್ತಿದ್ದೇವೆ. ಒಂದು ತೊಂದರೆ ಇದೆ. ಬೆಳಿಗ್ಗೆ 5ರಿಂದ 7 ಬಯಾಲಜಿ ಮಾಡುತ್ತೇನೆ, ಸಂಜೆ ಬಸ್ಸಿನಿಂದ ಇಳಿದು ಮನೆ ಸೇರುವಾಗ 6 ಆಗುತ್ತದೆ, ನೀರು ತಂದು, ಕೆಲಸ ಮುಗಿಸಿ ಫಿಸಿಕ್ಸ್ ಹಿಡಿದರೆ ನಿದ್ದೆ ಬರುತ್ತದೆ. ಏನು ಮಾಡಲಿ?

ಎರೆಮಣ್ಣು:

ಅದಲು ಬದಲು ಮಾಡು ತಂಗಿ. ಬೆಳಗಿನ ಎರಡು ಗಂಟೆ ಫಿಸಿಕ್ಸ್ ಮತ್ತು ಕೆಮಿಸ್ಟ್ರಿ ಲೆಕ್ಕಕ್ಕೆ ಕೊಡು, ಆಗ ತಲೆ ಹಗುರ ಇರುತ್ತದೆ. ಬಯಾಲಜಿಯನ್ನು ನೀನು ಈಗ ಇಷ್ಟಪಡುತ್ತಿದ್ದೀಯ, ಅದು ದಣಿದಾಗಲೂ ಓದಿಸಿಕೊಳ್ಳುತ್ತದೆ. ಬಸ್ಸಿನಲ್ಲಿ ಓದಬೇಡ, ಕಣ್ಣಿಗೆ ತ್ರಾಸು. ಹಿಂದಿನ ದಿನದ ಕೆಂಪು ಪೆನ್ನಿನ ಸಾಲುಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಹೋಗು. ರಾತ್ರಿ 10ಕ್ಕೆ ಮಲಗು. ಭಾನುವಾರ ಒಂದು ಹೊತ್ತು ಹಿಂದಿನ ವಾರದ ಎರಡೂ ನೋಟ್‌ಬುಕ್ ತಿರುವಿಹಾಕು, ಉಳಿದ ಹೊತ್ತು ಹೊಲಕ್ಕೆ ಹೋಗು, ಗೆಳತಿಯರ ಜೊತೆ ಮಾತಾಡು.

ಊಟದ ಬಿಡುವಿನಲ್ಲಿ ನಾಲ್ಕು ಜನ ಹೋಗುತ್ತಿದ್ದೀರಿ ಅಂದೆಯಲ್ಲ, ಅದನ್ನು ಬಿಡಬೇಡ. ನನಗೆ ಆ ನಾಲ್ಕು ಜನ ಇರಲಿಲ್ಲ.

ಅಜ್ಜಿಯ ನಾಡಿ 84 ಅಂದೆ. ಪುಸ್ತಕದ 72 ಸರಾಸರಿ ಲೆಕ್ಕ, ಸುಮ್ಮನೆ ಕೂತಾಗ 60ರಿಂದ 100ರವರೆಗೆ ದೊಡ್ಡವರಲ್ಲಿ ಸಹಜ, ಚಿಂತೆ ಬೇಡ. ಮೂತ್ರಪಿಂಡದ ಪಾಠ ಮುಂದಿನದು. ನಿಮಿಷಕ್ಕೆ 125 ಎಂಎಲ್ ಸೋಸಿದರೆ ದಿನಕ್ಕೆ ಎಷ್ಟು ಲೀಟರ್ ಅಂತ ಲೆಕ್ಕ ಹಾಕು, ಅದರಲ್ಲಿ ಹೊರಗೆ ಹೋಗುವುದು ಒಂದೂವರೆ ಲೀಟರ್ ಮಾತ್ರ. ಉಳಿದದ್ದು ಎಲ್ಲಿ ಹೋಯಿತು ಅಂತ ಪಾಠ ಓದಿ ಇಲ್ಲಿ ನಿನ್ನದೇ ಮಾತಿನಲ್ಲಿ ಬರೆ. ನಾನು ನೋಡುತ್ತಿರುತ್ತೇನೆ.